ಕಲ್ಲುಗಣಿವರೆಗೆ ಕೊರಡಿನ ಸಾಲು

ನಮ್ಮೂರಲ್ಲಿ ದಿನಕ್ಕೊಂದು ಸಲ ಹಗಲು ಮುಚ್ಚಿಕೊಳ್ಳುತ್ತದೆ. ಇಂಥ ಹೊತ್ತು ಅಂತ ಇಲ್ಲ. ಒಂದು ದಿನ ಹಾಲು ಉಕ್ಕುವಾಗ ಬರುತ್ತದೆ, ಇನ್ನೊಂದು ದಿನ ಊಟಕ್ಕೆ ಕೂತು ಮೊದಲ ತುತ್ತು ಎತ್ತುವಾಗ. ಮಡಕೆಗೆ ಮುಚ್ಚಳ ಹಾಕಿದ ಹಾಗೆ ಆಕಾಶ ಕಪ್ಪಾಗಿ, ನಮ್ಮ ಕೈ ನಮಗೇ ಕಾಣುವುದಿಲ್ಲ. ನಾವು ಅದನ್ನು ಮುಚ್ಚು ಅನ್ನುತ್ತೇವೆ. ಮುಚ್ಚು ಬಂದಾಗ ಕ್ಷೌರದ ಮುನಿಸ್ವಾಮಿ ಗಿರಾಕಿಯ ಕೆನ್ನೆಯಿಂದ ಕತ್ತಿ ಎತ್ತಿ ಪಕ್ಕಕ್ಕಿಡುತ್ತಾನೆ. ಬಾವಿಯಲ್ಲಿ ನೀರು ಸೇದುತ್ತಿದ್ದವರು ಹಗ್ಗವನ್ನು ಕಾಲಿಗೆ ಸುತ್ತಿಕೊಂಡು ನಿಂತುಬಿಡುತ್ತಾರೆ. ಜಗಳ ಆಡುತ್ತಿದ್ದವರೂ ಅಷ್ಟೆ, ಎಲ್ಲಿಗೆ ನಿಲ್ಲಿಸಿದ್ದೆವು ಅನ್ನುವುದನ್ನು ನೆನಪಿಟ್ಟುಕೊಂಡು ಸುಮ್ಮನಾಗುತ್ತಾರೆ. ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು. ಆಮೇಲೆ ಮುಚ್ಚಳ ತೆಗೆದ ಹಾಗೆ ಬಿಸಿಲು.

ಆ ಕತ್ತಲಲ್ಲಿ ಕರೆಂಟು ದೀಪ ಉರಿಯುವುದಿಲ್ಲ. ಲಾಟೀನು, ಹಿತ್ತಾಳೆ ದೀಪ, ಬ್ಯಾಟರಿ, ಯಾವುದೂ ಇಲ್ಲ. ಉರಿಯುವುದು ಮೇಣದಬತ್ತಿ ಒಂದೇ, ಅದೂ ತೊಗಟೆ ಬಿಡಿಸದ ಮರದ ಕೊರಡಿನಲ್ಲಿ ಸಿಕ್ಕಿಸಿದ್ದರೆ ಮಾತ್ರ. ತಟ್ಟೆಗೆ ಅಂಟಿಸಿದರೆ ಆರಿಹೋಗುತ್ತದೆ. ಕೊರಡಿನಲ್ಲಿ ಉರಿಯುವ ಬತ್ತಿಯೂ ಕೊರಡು ಕೂತಲ್ಲೇ ಕೂತಿದ್ದರೆ ಸರಿ, ಎತ್ತಿಕೊಂಡು ಹೊರಟರೆ ಆರುತ್ತದೆ. ಅದಕ್ಕೇ ಮುಚ್ಚಿನಲ್ಲಿ ಯಾರೂ ಓಡಾಡುವುದಿಲ್ಲ. ಕೊರಡಿನ ಸುತ್ತ ಕೂತು, ಅವರಿವರ ಸುದ್ದಿ ಮಾತಾಡಿಕೊಂಡು ಕಾಯುತ್ತಾರೆ.

ಆ ಕೊರಡುಗಳನ್ನು ಮಾಡುವವರು ನಾವಿಬ್ಬರು. ನಾನು ಮತ್ತು ದೇವೀರಕ್ಕ. ನನ್ನ ಹೆಸರು ಸಾಕಮ್ಮ, ದೇವೀರಕ್ಕ ನನ್ನ ಸವತಿ. ನಮ್ಮ ಗಂಡ ಮೊಗಣ್ಣ ಅವಳನ್ನು ಕಟ್ಟಿಕೊಂಡು ಬಹಳ ವರ್ಷವಾದ ಮೇಲೆ, ಮಕ್ಕಳಿಲ್ಲ ಅಂತ ಬೇರೆ ಊರಿಂದ ನನ್ನನ್ನು ತಂದ. ನನಗೂ ಮಕ್ಕಳಾಗಲಿಲ್ಲ. ಆಮೇಲೆ ಒಂದು ಮಾಗಿಯಲ್ಲಿ ಜ್ವರ ಬಂದು ಅವನೇ ಹೋದ. ಅವನಿದ್ದಾಗ ನಾವಿಬ್ಬರೂ ನೇರವಾಗಿ ಮಾತಾಡುತ್ತಿರಲಿಲ್ಲ. "ಸಾರಿಗೆ ಉಪ್ಪು ಕಡಿಮೆ ಆಗದೆ ಅಂತ ಹೇಳು" ಅಂತ ಅವಳು ಅವನಿಗೆ ಹೇಳುವಳು, "ಬೇಕಾದರೆ ಹಾಕ್ಕೊಳ್ಳಲಿ ಅಂತ ಹೇಳು" ಅಂತ ನಾನು ಅವನಿಗೆ ಹೇಳುವೆ. ಅವನು ನಡುವೆ ಕೂತು ಉಣ್ಣುತ್ತಿದ್ದ. ಅವನು ಹೋದ ಮೇಲೆ ನಡುವೆ ಯಾರೂ ಇಲ್ಲದೆ, ಮಾತು ಪೂರ್ತಿ ನಿಂತೇ ಹೋಗುತ್ತಿತ್ತೋ ಏನೋ. ಕೊರಡಿನ ಕೆಲಸ ಇತ್ತಲ್ಲ, ಅದರಿಂದ ಉಳಿಯಿತು. ಗರಗಸದ ಒಂದು ತುದಿ ಅವಳು ಹಿಡಿದರೆ ಇನ್ನೊಂದು ತುದಿ ನಾನೇ ಹಿಡಿಯಬೇಕು. "ಎಳಿ" ಅನ್ನಬೇಕು, "ಬುಡು" ಅನ್ನಬೇಕು.

ಕೆಲಸ ಅವಳಿಗೆ ಅವಳ ಅವ್ವನಿಂದ ಬಂದದ್ದು. ಹಸಿ ಮರ ಕಡಿಯಬಾರದು, ತಾನಾಗಿ ಬಿದ್ದದ್ದನ್ನೇ ತರಬೇಕು. ಬೇವು, ಹೊಂಗೆ, ಹುಣಸೆ, ಯಾವುದಾದರೂ ಸರಿ. ತಂದು ನೆರಳಲ್ಲಿ ಒಣಗಹಾಕಬೇಕು. ಒಣಗಿದ ಮೇಲೆ ಗೇಣುದ್ದಕ್ಕೆ ಕೊಯ್ದು, ತಳವನ್ನು ಚಪ್ಪಡಿ ಕಲ್ಲಿನ ಮೇಲೆ ಉಜ್ಜಿ ಉಜ್ಜಿ ಮಟ್ಟ ಮಾಡಬೇಕು. ನೆಲದ ಮೇಲಿಟ್ಟು ಬೆರಳಲ್ಲಿ ತಟ್ಟಿದರೆ ಅಲ್ಲಾಡಬಾರದು. ನೆತ್ತಿಯಲ್ಲಿ ಬೈರಿಗೆಯಿಂದ ತೂತು ಕೊರೆದು, ಉಳಿಯಲ್ಲಿ ಅಗಲ ಮಾಡಿ, ಒಳಗೆ ಕೆಮ್ಮಣ್ಣಿಗೆ ಸುಣ್ಣ ಬೆರೆಸಿ ಮೆತ್ತಬೇಕು. ಇಲ್ಲದಿದ್ದರೆ ಬತ್ತಿ ಉರಿದು ಕೆಳಗೆ ಬಂದಾಗ ಮರ ಹೊತ್ತಿಕೊಳ್ಳುತ್ತದೆ. ಕೊನೆಗೆ ತೊಗಟೆಗೆ ಬೇವಿನೆಣ್ಣೆ ಸವರಿ ಒರೆಸಿಟ್ಟರೆ ಆಯಿತು. ಬಣ್ಣವಿಲ್ಲ, ಹೂಬಳ್ಳಿ ಕೆತ್ತುವುದಿಲ್ಲ. ಮರದ ಗಂಟು ಗಂಟಾಗಿಯೇ ಇರಬೇಕು, ಸೊಟ್ಟ ಸೊಟ್ಟವಾಗಿಯೇ. "ಅದು ಹೆಂಗೆ ಬೆಳೀತೋ ಹಂಗೇ ಇರಲಿ, ಕೂರೋದನ್ನ ಮಾತ್ರ ನೆಟ್ಟಗೆ ಕಲಿಸು" ಅನ್ನುತ್ತಿದ್ದಳು ದೇವೀರಕ್ಕ. ನನ್ನ ಬೈರಿಗೆ ಯಾವಾಗಲೂ ಒಂದಿಷ್ಟು ವಾಲುತ್ತಿತ್ತು. ಅವಳು ನೋಡಿ, ನಾಲಗೆಯಲ್ಲಿ ಚ್ಚ್ ಅಂದು, ಕೊರಡನ್ನು ಬದಿಗೆ ಎತ್ತಿಡುತ್ತಿದ್ದಳು. ಆ ಚ್ಚ್ ಕೇಳಿ ಕೇಳಿ ನನಗೆ ಸಾಕಾಗಿಹೋಗಿತ್ತು.

ಒಂದು ಬೇಸಿಗೆಯ ದಿನ ಹಾಗೇ ಚ್ಚ್ ಅಂದಿದ್ದಕ್ಕೆ ಮಾತಿಗೆ ಮಾತು ಬೆಳೆದು, ಮೊಗಣ್ಣನ ಸಾವಿನವರೆಗೂ ಹೋಯಿತು. ಕಷಾಯ ಯಾರು ಕೊಟ್ಟರು, ಯಾರು ಕೊಡಲಿಲ್ಲ ಅಂತ. ಆಡಬಾರದ್ದನ್ನು ಇಬ್ಬರೂ ಆಡಿದೆವು. ಅವತ್ತೇ ನಾನು ಬಸ್ಸಿನವರ ಕೈಲಿ ನನ್ನ ಅಣ್ಣ ಜವರಯ್ಯನಿಗೆ ಹೇಳಿಕಳಿಸಿದೆ, ಬಂದು ಕರೆದುಕೊಂಡು ಹೋಗು ಅಂತ. ಅವನು ಬರಲಿಲ್ಲ. ಮಳೆ ಬಂತು, ಹೋಯಿತು, ನನ್ನ ಸಿಟ್ಟೂ ಇಳಿಯಿತು, ನಾನು ಹೇಳಿಕಳಿಸಿದ್ದನ್ನೇ ಮರೆತೆ. ಎಲ್ಲಾ ಮುಗಿದ ಮೇಲೆ ಒಂದು ಸಂಜೆ ಅಣ್ಣ ಕೈಲೊಂದು ಚೀಲ ಹಿಡಿದು ಬಾಗಿಲಲ್ಲಿ ನಿಂತ.

"ನಡಿ ಸಾಕಿ, ನಾಳೆ ಮಧ್ಯಾಹ್ನದ ಬಸ್ಸಿಗೆ ಹೊರಡೋಣ" ಅಂದ. "ನಿಮ್ಮತ್ತಿಗೆಗೆ ಸೊಂಟ ಹಿಡ್ಕಂಡದೆ. ಮನೇಲಿ ಒಂದು ಹೆಣ್ಣುಜೀವ ಓಡಾಡಿಕೊಂಡಿದ್ದರೆ ನಮಗೂ ಆಸರೆ. ಸವತಿ ಜೊತೆ ಇನ್ನೆಷ್ಟು ದಿನ ಇರ್ತೀಯಾ? ನೀನೇ ತಾನೆ ಹೇಳಿಕಳಿಸಿದ್ದು?"

ದೇವೀರಕ್ಕ ಒಲೆ ಮುಂದೆ ಇದ್ದಳು. ಕೇಳಿಸಿಕೊಂಡಳು. ನಾನು ಏನಾದರೂ ಹೇಳಬೇಕಿತ್ತು. ಏನು ಹೇಳಲಿ? ಬೇಡ ಅನ್ನಲು, ನೀನಿಲ್ಲೇ ಇರು ಅಂತ ಅವಳು ಯಾವತ್ತೂ ಅಂದವಳಲ್ಲ. ಹೂಂ ಅನ್ನಲು ಬಾಯಿ ಬರಲಿಲ್ಲ. ಅವಳು ಎದ್ದು ಅಣ್ಣನಿಗೆ ಕಾಲು ತೊಳೆಯಲು ನೀರು ಕೊಟ್ಟಳು, ಬಿಸಿ ಮುದ್ದೆ ಕಟ್ಟಿ ಉಪ್ಸಾರು ಬಡಿಸಿದಳು. "ಇನ್ನೊಂದು ಮುದ್ದೆ ಹಾಕ್ಕೊಳ್ಳಪ್ಪ" ಅಂತ ಉಪಚಾರ ಮಾಡಿದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಬೆಳಿಗ್ಗೆ ಎದ್ದು ನೋಡಿದರೆ ಹಗ್ಗವನ್ನೂ ಕೊಡಲಿಯನ್ನೂ ಹೆಗಲಿಗೆ ಹಾಕಿಕೊಂಡು ಹೊರಟಿದ್ದಳು.

"ಎಲ್ಲಿಗಕ್ಕ?" ಅಂದೆ.

"ಕಲ್ಲುಗಣಿ ತಾವ ದೊಡ್ಡ ಹೊಂಗೆ ಮರ ಬಿದ್ದದಂತೆ. ಮದುವೆ ಮನೆಯೋರು ಕವಲು ಕೊರಡು ಕೇಳವ್ರೆ. ಒಳ್ಳೆ ಕವಲು ಸಿಕ್ಕದಾ ನೋಡ್ಕೊಂಡು ಬತ್ತೀನಿ."

ನಮ್ಮೂರಲ್ಲಿ ಮದುವೆಗೆ ಕವಲೊಡೆದ ಕೊರಡು ಬೇಕು. ಒಂದು ಕವಲಲ್ಲಿ ಹೆಣ್ಣಿನ ಬತ್ತಿ, ಇನ್ನೊಂದರಲ್ಲಿ ಗಂಡಿನ ಬತ್ತಿ. ಧಾರೆಯ ಹೊತ್ತಿಗೆ ಮುಚ್ಚು ಬಂದರೂ ಮದುವೆ ನಿಲ್ಲಬಾರದಲ್ಲ.

"ನಾನೂ ಬತ್ತೀನಿ ತಡಿ" ಅಂದೆ.

"ನೀನ್ಯಾಕೆ? ನಿನಗೆ ಬಸ್ಸದೆ." ಹೊಸ್ತಿಲು ದಾಟಿ, ತಿರುಗದೆ ಅಂದಳು, "ನಾ ಬರೋದರೊಳಗೆ ಹೊರಟರೆ ಬಾಗಿಲು ಎಳಕೊಂಡು ಹೋಗು. ನಾಯಿ ನುಗ್ತದೆ."

ಅಷ್ಟೆ. ಮದುವೆಯಾಗಿ ಬಂದಂದಿನಿಂದ ಒಂದೇ ಸೂರಿನಡಿ ಇದ್ದವಳಿಗೆ ಅವಳು ಹೇಳಿದ್ದು ಅಷ್ಟೆ. ನನಗೆ ಸಿಟ್ಟು ಬಂತು. ಸೀರೆಗಳನ್ನು ಗಂಟು ಕಟ್ಟಿದೆ. ಅಣ್ಣ ಜಗುಲಿಯಲ್ಲಿ ಕೂತು ಬೀಡಿ ಸೇದುತ್ತಿದ್ದ.

ಬಿಸಿಲು ಏರುವ ಹೊತ್ತಿಗೆ ಮುಚ್ಚು ಬಂತು. ಅಣ್ಣ ನಮ್ಮೂರಿಗೆ ಬಂದದ್ದು ಎರಡೋ ಮೂರೋ ಸಲ, ಹಿಂದೆಲ್ಲ ಸಂಜೆ ಬಂದು ಬೆಳಿಗ್ಗೆ ಹೋದವನು. ಮುಚ್ಚು ಅವನು ನೋಡಿರಲಿಲ್ಲ. "ಅಯ್ಯೋ ಸಾಕಿ, ನನ್ನ ಕಣ್ಣು ಹೋದವಲ್ಲೇ!" ಅಂತ ಕೂಗಿಕೊಂಡ. ನನಗೆ ನಗು ಬಂತು. ಕೈ ಹಿಡಿದು ಒಳಗೆ ಕರೆತಂದು, ಕೊರಡಿಗೆ ಬತ್ತಿ ಸಿಕ್ಕಿಸಿ ಕಡ್ಡಿ ಗೀರಿದೆ. ಬೆಳಕು ಬಂದಮೇಲೆ ತನ್ನ ಎರಡೂ ಅಂಗೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. "ಇಂಥ ಊರಲ್ಲಿ ಹೆಂಗಿದ್ದೀಯವ್ವ" ಅಂದ. "ಅನ್ನ ಬೇಯೋಷ್ಟು ಹೊತ್ತು, ಸುಮ್ನೆ ಕೂತಿರು" ಅಂದೆ.

ಅನ್ನ ಬೇಯುವಷ್ಟು ಹೊತ್ತಾಯಿತು. ಅನ್ನ ಬೆಂದು ಬಸಿದು ಉಂಡು ಏಳುವಷ್ಟು ಹೊತ್ತಾಯಿತು. ಮುಚ್ಚು ಏಳಲಿಲ್ಲ. ಬತ್ತಿ ಕರಗಿ ಕೆಮ್ಮಣ್ಣಿನ ಮಟ್ಟಕ್ಕೆ ಬಂತು. ಇನ್ನೊಂದು ಸಿಕ್ಕಿಸಿದೆ. ಅದುವರೆಗೆ ನಾನು ಮುಚ್ಚಿನಲ್ಲಿ ಎರಡನೇ ಬತ್ತಿ ಹಚ್ಚಿದವಳೇ ಅಲ್ಲ. ಹೊರಗೆ ಬೀದಿಯಲ್ಲಿ, ಕಾಣದ ಬಾಗಿಲುಗಳಿಂದ, ಜನ ಒಬ್ಬರನ್ನೊಬ್ಬರು ಕೂಗಿ ಕೇಳುತ್ತಿದ್ದರು. "ನಿಮ್ಮ ಕಡೆ ಬೆಳಕಾಯ್ತಾ?" "ಇಲ್ಲ ಕಣಪ್ಪ, ನಿಮ್ಮ ಕಡೆ?" ಎದುರು ಮನೆಯ ದರ್ಜಿ ಪೀರ್ ಸಾಬರು ದೊಡ್ಡ ದನಿಯಲ್ಲಿ, "ನಮ್ಮ ತಾತನ ಕಾಲದಲ್ಲೂ ಹಿಂಗಾಗಿದ್ದು ಕೇಳಿಲ್ಲ" ಅಂದರು.

ಆಗ ನನಗೆ ಹೊಳೆಯಿತು. ದೇವೀರಕ್ಕ ಕಲ್ಲುಗಣಿ ತಾವ ಇದ್ದಾಳೆ. ಅವಳು ಯಾವತ್ತೂ ಕೊರಡು ಜೊತೆಗೆ ಒಯ್ಯುವವಳಲ್ಲ. "ಮುಚ್ಚು ಬಂದರೆ ಮರದ ಕೆಳಗೆ ಕೂತ್ಕೋತೀನಿ, ಅದಕ್ಯಾಕೆ ಹೊರೆ" ಅನ್ನುವಳು. ಸ್ವಲ್ಪ ಹೊತ್ತು ಕೂರುತ್ತಾಳೆ, ಸರಿ. ಆದರೆ ನನಗೆ ಅವಳು ಗೊತ್ತು. ಸುಮ್ಮನೆ ಕೂರುವ ಜೀವ ಅಲ್ಲ ಅದು. ಬೆಳಕು ಬರಲಿಲ್ಲ ಅಂದರೆ, ದಾರಿ ನನಗೆ ಗೊತ್ತು ಅಂದುಕೊಂಡು ಎದ್ದು ನಡೆದುಬಿಡುತ್ತಾಳೆ. ಅಲ್ಲಿ ಎರಡು ಮಾರು ಆಚೀಚೆ ಆದರೆ ಗಣಿ. ಕಲ್ಲು ತೆಗೆದು ತೆಗೆದು ಬಿಟ್ಟ ಹಳ್ಳ, ತಳದಲ್ಲಿ ಎಷ್ಟು ಆಳವೋ ಯಾರಿಗೂ ಗೊತ್ತಿಲ್ಲದ ನೀರು.

"ನಾನು ಹೋಗಬೇಕು" ಅಂದೆ.

"ಎಲ್ಲಿಗೆ? ಈ ಕತ್ತಲಲ್ಲಾ? ನಿನಗೇನು ತಲೆಗಿಲೆ ಕೆಟ್ಟಿದೆಯಾ?" ಅಂದ ಅಣ್ಣ.

ಹಿತ್ತಿಲ ಕೊಟ್ಟಿಗೆಯಲ್ಲಿ ಮಾಡಿಟ್ಟ ಕೊರಡುಗಳಿದ್ದವು, ಸಂತೆಗೆ ಒಯ್ಯುವ ತಳ್ಳುಗಾಡಿಯೂ ಇತ್ತು. ತಡವರಿಸಿಕೊಂಡು ಹೋಗಿ ಗಾಡಿಗೆ ತುಂಬಿದೆ. ಮೇಣದಬತ್ತಿಯ ಪೆಟ್ಟಿಗೆಯನ್ನೂ ಬೆಂಕಿಪೊಟ್ಟಣಗಳನ್ನೂ ಮಡಿಲಿಗೆ ಸುರಿದುಕೊಂಡೆ. ಎತ್ತಿಕೊಂಡು ಹೋದರೆ ತಾನೆ ಬತ್ತಿ ಆರುವುದು? ಇಟ್ಟು ಹೋದರೆ ಆರುವುದಿಲ್ಲ. ಹೊಸ್ತಿಲ ಹೊರಗೆ ಒಂದು ಕೊರಡಿಟ್ಟು ಹಚ್ಚಿದೆ. ಅದರ ಬೆಳಕು ಮುಗಿಯುವ ಅಂಚಿನವರೆಗೆ ಗಾಡಿ ತಳ್ಳಿ ಅಲ್ಲಿ ಇನ್ನೊಂದು ಇಟ್ಟೆ. ಅದನ್ನು ಹಚ್ಚಿ ಅದರ ಅಂಚಿಗೆ ಹೋದೆ.

ಅಣ್ಣ ಬಾಗಿಲಲ್ಲೇ ನಿಂತು ನೋಡುತ್ತಿದ್ದ. ಮೂರನೆಯದಕ್ಕೆ ಬಗ್ಗಿದಾಗ ಹಿಂದಿನಿಂದ ಬಂದು ಗಾಡಿಯ ಹಿಡಿಕೆಗೆ ಕೈ ಹಾಕಿದ. "ಸರಿ, ತಳ್ತೀನಿ. ನೀನು ಹಚ್ಚು" ಅಂದ. ಅವನ ಹಲ್ಲು ಕಟಕಟ ಅನ್ನುತ್ತಿದ್ದವು, ಚಳಿ ಏನೂ ಇರಲಿಲ್ಲ.

ಬೀದಿ ದಾಟಿದೆವು. ಮುಚ್ಚಿದ ಎಣ್ಣೆ ಗಿರಣಿಯ ಗೋಡೆ ಹಿಡಿದು ಸಾಗಿದೆವು. ದಿನಾ ನಾಲ್ಕು ಹೆಜ್ಜೆ ಅನ್ನಿಸುವ ದಾರಿ ಅವತ್ತು ಮುಗಿಯಲೇ ಇಲ್ಲ. ನೆಲ ಎಲ್ಲಿ ತಗ್ಗು ಎಲ್ಲಿ ಉಬ್ಬು ಅಂತ ಅಂಗೈಯಿಂದ ಸವರಿ ನೋಡಿ ಕೊರಡು ಕೂರಿಸಬೇಕಿತ್ತು. ವಾಲಿದರೆ ಕೆಳಗೆ ಚಕ್ಕೆ ಕಲ್ಲು ಸಿಕ್ಕಿಸುತ್ತಿದ್ದೆ. ಹಿಂತಿರುಗಿ ನೋಡಿದರೆ ನಮ್ಮ ಬಾಗಿಲವರೆಗೂ ಬೆಳಕಿನ ಚುಕ್ಕೆಗಳು. ಮುಂದೆ ನೋಡಿದರೆ ಗೋಡೆಯಂಥ ಕಪ್ಪು. ನಡುನಡುವೆ ನಿಂತು "ಅಕ್ಕಾ" ಅಂತ ಕೂಗುತ್ತಿದ್ದೆ. ಕಾಡು ಗಿಡಗಳ ಸದ್ದು ಬಿಟ್ಟರೆ ಏನೂ ಇಲ್ಲ.

ಗಿರಣಿ ಗೋಡೆ ಮುಗಿದು ಕುರುಚಲು ಶುರುವಾಗುವಲ್ಲಿ ಅಣ್ಣ ಅಂದ, "ಸಾಕಿ, ಗಾಡಿ ಖಾಲಿ."

ಕೈ ಹಾಕಿ ನೋಡಿದೆ. ಹೌದು, ಹೊಟ್ಟು ತೊಗಟೆ ಬಿಟ್ಟರೆ ಏನೂ ಇಲ್ಲ. ಅರ್ಧ ದಾರಿಯೂ ಆಗಿರಲಿಲ್ಲ. ಹಿಂದಿನ ಕೊರಡುಗಳನ್ನು ಕಿತ್ತು ತಂದರೆ ವಾಪಸು ಬರುವ ದಾರಿ ಹೋಗುತ್ತದೆ. ನಾನು ಕೊನೆಯ ಕೊರಡಿನ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಜೀವಮಾನದಲ್ಲಿ ಅಷ್ಟು ಕೈಸೋತು ಕೂತದ್ದಿಲ್ಲ. ಮೊಗಣ್ಣ ಹೋದಾಗಲೂ ಅಕ್ಕ ಇದ್ದಳಲ್ಲ, ಗೋಡೆಗೆ ಮುಖ ಮಾಡಿಯಾದರೂ ಪಕ್ಕದಲ್ಲಿ ಇದ್ದಳು.

ಅಷ್ಟರಲ್ಲಿ ಅಣ್ಣ ನನ್ನ ಭುಜ ಮುಟ್ಟಿದ. "ಅಲ್ಲಿ ನೋಡು, ಯಾರೋ ಬರ್ತಾವ್ರೆ."

ಸಾಲಿನುದ್ದಕ್ಕೂ, ಒಂದು ಬೆಳಕಿನಿಂದ ಇನ್ನೊಂದು ಬೆಳಕಿಗೆ ದಾಟಿಕೊಂಡು, ಯಾರೋ ಬರುತ್ತಿದ್ದರು. ಒಂದು ಬತ್ತಿಯ ಹತ್ತಿರ ಕಾಣುವರು, ಆಮೇಲೆ ಮಾಯ, ಮತ್ತೆ ಮುಂದಿನ ಬತ್ತಿಯ ಹತ್ತಿರ ಕಾಣುವರು. ಪೀರ್ ಸಾಬರು. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು, ಎರಡೂ ಕಂಕುಳಲ್ಲಿ ಒಂದೊಂದು ಕೊರಡು.

"ಬಾಗಿಲಲ್ಲಿ ಬೆಳಕು ಸಾಲಾಗಿ ಹೋಗ್ತಾ ಇತ್ತು, ಏನಂತ ನೋಡಿದೆ. ದೇವೀರಮ್ಮ ಮನೇಲಿಲ್ವ?" ಅಂದರು.

"ಗಣಿ ಹತ್ರ ಹೋದಳು ಸಾಬ್ರೆ. ಬೆಳಿಗ್ಗೇನೆ."

ಅವರು ಹೆಚ್ಚು ಕೇಳಲಿಲ್ಲ. ಕೊರಡುಗಳನ್ನು ನನ್ನ ಮುಂದಿಟ್ಟು, ತಿರುಗಿ, ಊರಿನ ಕಡೆಗೆ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು. ಗುಡಿಗೂ ಮಸೀದಿಗೂ ಕೇಳುವ ಹಾಗೆ ಕೂಗಿದರು. "ಕೊರಡು ತನ್ನಿ! ದೇವೀರಮ್ಮ ಗಣಿ ತಾವ ಸಿಕ್ಕಿಬಿದ್ದವ್ಳೆ! ಮನೇಲಿರೋ ಕೊರಡು ತನ್ನಿ!"

ನನಗೆ ನಂಬಿಕೆ ಇರಲಿಲ್ಲ, ನಿಜ ಹೇಳಬೇಕೆಂದರೆ. ಯಾವಾಗ ಏಳುತ್ತದೋ ಗೊತ್ತಿಲ್ಲದ ಮುಚ್ಚು. ಅಂಥದರಲ್ಲಿ ತಮ್ಮ ಮನೆಯ ಬೆಳಕು ಆರಿಸಿ, ಕೊರಡು ಎತ್ತಿ ಯಾರು ಕೊಡುತ್ತಾರೆ? ಆದರೆ ಬಂದರು. ಮುನಿಸ್ವಾಮಿ ಬಂದ, ಜೊತೆಗೆ ಒಂದೇ ಕೆನ್ನೆ ಬೋಳಿಸಿಕೊಂಡ ಅವನ ಗಿರಾಕಿಯೂ ಬಂದ. ಶಾಲೆಯ ಪದ್ಮಾವತಿ ಟೀಚರು ತಮ್ಮ ಮೇಜಿನ ಮೇಲಿನ ಕೊರಡನ್ನು ಸೆರಗಲ್ಲಿ ಸುತ್ತಿ ತಂದರು. ಮಕ್ಕಳನ್ನೆಲ್ಲ ಒಂದೇ ಕೋಣೆಗೆ ಸೇರಿಸಿ, ಒಂದೇ ಕೊರಡು ಇಟ್ಟು, ಉಳಿದವನ್ನು ಆಯಮ್ಮನ ಕೈಲಿ ಹೊರಿಸಿಕೊಂಡು ಬಂದಿದ್ದರು. ಆಮೇಲೆ ಬಂದವಳು ಪುಟ್ಟತಾಯಿ. ಹೆತ್ತು ಇನ್ನೂ ತಿಂಗಳಾಗಿಲ್ಲ, ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಅವಳ ಕೈಲೊಂದು ಪುಟ್ಟ ಬೇವಿನ ಕೊರಡು.

"ನೀನು ಯಾಕೆ ಬಂದೆ ತಾಯಿ, ಕೂಸು ಕತ್ತಲಲ್ಲಿ ಅದೆಯಲ್ಲ" ಅಂದೆ.

"ಅವಕ್ಕೆ ಕತ್ತಲೆ ಬೆಳಕು ಏನು ಗೊತ್ತು ಸಾಕಕ್ಕ. ಮೊಲೆ ಕೊಟ್ಟು ಮಲಗಿಸಿ ಬಂದೆ. ನಮ್ಮತ್ತೆ ಪಕ್ಕದಲ್ಲಿ ಅವ್ರೆ." ಕೊರಡನ್ನು ನನ್ನ ಕೈಗೆ ಕೊಟ್ಟು ಸಾಲು ಹಿಡಿದು ಬಿರಬಿರನೆ ವಾಪಸು ಹೋದಳು.

ಅಲ್ಲಿಂದ ಮುಂದೆ ನಾನು ಒಬ್ಬಳೇ ಇರಲಿಲ್ಲ. ಒಬ್ಬರು ಕೊರಡು ಕೈಗೆ ಕೊಡುವರು, ನಾನು ಕೂರಿಸುವೆ, ಪೀರ್ ಸಾಬರು ಕಡ್ಡಿ ಗೀರುವರು, ಅಣ್ಣ ಮುಂದಿನ ಅಂಚು ಕಾಲಿಂದ ತಡವಿ "ಇಲ್ಲಿ ಮಟ್ಟ ಇದೆ, ಬಾ" ಅನ್ನುವನು. ಅದುವರೆಗೆ ಹೆದರುತ್ತಿದ್ದವನು ಎಲ್ಲರಿಗಿಂತ ಮುಂದಿದ್ದ. ಕೈಗೆ ಬಂದ ಒಂದೊಂದು ಕೊರಡೂ ನನಗೆ ಗೊತ್ತಿತ್ತು. ಎಲ್ಲಾ ನಮ್ಮ ಹಿತ್ತಿಲಿಂದಲೇ ಹೋದವು. ತೊಗಟೆ ಸವೆದಿದ್ದವು, ಮಕ್ಕಳು ಗೀಚಿದ್ದವು, ಒಂದರ ಮೇಲೆ ಅರಿಶಿನ ಕುಂಕುಮ ಇತ್ತು. ಬೆರಳು ತೂತಿಗೆ ಹಾಕಿದರೆ ಸಾಕು, ಇದು ಅಕ್ಕ ಕೊರೆದದ್ದು, ಇದು ನಾನು ಅಂತ ತಿಳಿಯುತ್ತಿತ್ತು. ನನ್ನ ತೂತುಗಳು ಸ್ವಲ್ಪ ವಾಲುತ್ತಿದ್ದವು. ಚ್ಚ್ ಅಂದು ಬದಿಗಿಟ್ಟಿದ್ದಳಲ್ಲ, ಅವೇ. ಎಸೆದಿದ್ದಾಳೆ ಅಂತ ತಿಳಿದಿದ್ದೆ. ಅವಳು ಅವನ್ನು ಎಸೆದಿರಲಿಲ್ಲ, ಉರಿಯುವ ಒಲೆಗೂ ಹಾಕಿರಲಿಲ್ಲ. ತಳ ಮತ್ತೆ ಉಜ್ಜಿ, ವಾಲಿದ ಕಡೆಗೆ ತಕ್ಕ ಹಾಗೆ ಸರಿ ಮಾಡಿ, ಮನೆಮನೆಗೆ ಕೊಟ್ಟಿದ್ದಳು. ಕೂರಿಸಿದರೆ ಬತ್ತಿ ನೆಟ್ಟಗೆ ನಿಲ್ಲುತ್ತಿತ್ತು. ನನಗೆ ಹೇಳಿರಲಿಲ್ಲ, ಅಷ್ಟೆ.

ಎಷ್ಟು ದೂರ ಬಂದೆವೋ. ನಿಂತು ಮತ್ತೆ ಕೂಗಿದೆ. "ಅಕ್ಕಾ! ದೇವೀರಕ್ಕಾ!"

ಈ ಸಲ ಏನೋ ಕೇಳಿಸಿತು. ಎಲ್ಲರೂ ಉಸಿರು ಬಿಗಿಹಿಡಿದರು. ದನಿ ಸಣ್ಣದು, ಎಡಕ್ಕೋ ಬಲಕ್ಕೋ ತಿಳಿಯುವ ಹಾಗಿಲ್ಲ, ನೆಲದೊಳಗಿಂದ ಬಂದ ಹಾಗೆ.

"ಮುಂದಕ್ಕೆ ಬರಬ್ಯಾಡಿ! ಅಲ್ಲೇ ಅದೆ ಗಣಿ ಬಾಯಿ! ಅಲ್ಲೇ ನಿಲ್ಲಿ!"

ಅಣ್ಣ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ತೆಗೆದುಕೊಂಡ. ನಾನು ನೆಲದ ಮೇಲೆ ಬೋರಲು ಮಲಗಿ, ಕೈ ಚಾಚಿ, ಎಷ್ಟು ದೂರ ಎಟುಕುತ್ತದೋ ಅಷ್ಟು ದೂರಕ್ಕೆ ಪುಟ್ಟತಾಯಿಯ ಕೊರಡನ್ನು ಇಟ್ಟು ಹಚ್ಚಿದೆ. ಬೆಳಕಾದ ಮೇಲೆ ನೋಡಿದರೆ ಕೊರಡಿನಿಂದ ಒಂದು ಮೊಳ ಆಚೆಗೆ ನೆಲವೇ ಇರಲಿಲ್ಲ. ಅಂಚಿನ ಕೆಳಗೆ ಕಲ್ಲು ಒಡೆದು ಬಿಟ್ಟ ಮೆಟ್ಟಿಲಿನಂಥ ಜಾಗ. ಅಲ್ಲಿ ದೇವೀರಕ್ಕ ಗೋಡೆಗೆ ಬೆನ್ನು ಕೊಟ್ಟು, ಒಂದು ಬೇರನ್ನು ಎರಡೂ ಕೈಲಿ ತಬ್ಬಿಕೊಂಡು ಕೂತಿದ್ದಳು. ಒಂದು ಕಾಲು ಮಡಿಚಿತ್ತು, ಇನ್ನೊಂದು ಊದಿ ಕಂಬದ ಹಾಗಾಗಿತ್ತು. ತಲೆ ಕೂದಲ ತುಂಬ ಮಣ್ಣು. ಅವಳ ಕೆಳಗೆ, ಬತ್ತಿಯ ಬೆಳಕು ನೀರಿಗೆ ಬಿದ್ದು ಅಲ್ಲಾಡುತ್ತಿತ್ತು.

ಅವಳು ಕಣ್ಣು ಕಿರಿದು ಮಾಡಿ ಬೆಳಕಿನ ಕಡೆ ನೋಡಿದಳು. ನನ್ನ ಮುಖ ಕಂಡಿತು ಅನ್ನಿಸುತ್ತದೆ. ಆಮೇಲೆ ಅಂದಳು:

"ಹಂಗಾ ಇಡೋದು ಕೊರಡು? ವಾಲ್ತಾ ಅದೆ ನೋಡು."

ನಾನು ನಕ್ಕೆನೋ ಅತ್ತೆನೋ ನನಗೇ ಗೊತ್ತಿಲ್ಲ. ಹಿಂದೆ ನಿಂತಿದ್ದವರೆಲ್ಲ ಒಟ್ಟಿಗೆ ಜೋರಾಗಿ ಉಸಿರು ಬಿಟ್ಟರು, ಅದರ ಗಾಳಿಗೆ ಹತ್ತಿರದ ಬತ್ತಿ ತೊನೆದಾಡಿತು.

ಮುನಿಸ್ವಾಮಿ ತನ್ನ ಪಂಚೆ ಬಿಚ್ಚಿ ಕೊಟ್ಟು ಚಡ್ಡಿಯಲ್ಲಿ ನಿಂತ. ಪೀರ್ ಸಾಬರು ಅದಕ್ಕೆ ತಮ್ಮ ಹೆಗಲ ಮೇಲಿನ ಬಟ್ಟೆಯನ್ನೂ ಸೇರಿಸಿ ಗಂಟು ಹಾಕಿದರು, ದರ್ಜಿಯ ಗಂಟು, ಬಿಚ್ಚುವ ಮಾತೇ ಇಲ್ಲ. ಅಣ್ಣ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿದ. ಅವನೇ ಇಳಿಯುತ್ತೇನೆ ಅಂದದ್ದು, ಯಾರೂ ಹೇಳಲಿಲ್ಲ. "ಅಕ್ಕಾರೆ, ನನ್ನ ಕುತ್ತಿಗೆ ತಬ್ಬಿಕೊಳ್ಳಿ" ಅಂತ ಅವನು ಹೇಳುವುದು ಕೇಳಿಸಿತು. "ನೆಂಟನ ಕುತ್ತಿಗೆ ಹಿಡಿಯೋ ಗತಿ ಬಂತಲ್ಲಪ್ಪ" ಅಂತ ಅವಳು ಅಂದದ್ದೂ ಕೇಳಿಸಿತು. ನಾವೆಲ್ಲ ಎಳೆದೆವು. ಅವಳ ಕೈ ಅಂಚಿಗೆ ಬಂದಮೇಲೆ ನಾನು ಹಿಡಿದೆ. ಗರಗಸ ಹಿಡಿದು ಹಿಡಿದು ಗಟ್ಟಿಯಾದ ಕೈ, ತಣ್ಣಗಿತ್ತು.

ಮೇಲೆ ಬಂದು ಕೂತವಳು ಹಿಂದೆ ತಿರುಗಿ ನೋಡಿದಳು. ಊರವರೆಗೂ ಹೋಗಿದ್ದ ಕೊರಡಿನ ಸಾಲು. ಏರಿ, ಇಳಿದು, ಗಿರಣಿ ಗೋಡೆಯ ಬಳಿ ತಿರುಗಿ, ನಮ್ಮ ಹೊಸ್ತಿಲವರೆಗೆ. ಬಹಳ ಹೊತ್ತು ನೋಡಿದಳು.

"ಬಸ್ಸಿಗೆ ಹೋಗಲಿಲ್ವ?" ಅಂದಳು, ನನಗೆ ಮಾತ್ರ ಕೇಳುವ ಹಾಗೆ.

"ಈ ಕತ್ತಲಲ್ಲಿ ಬಸ್ಸೆಲ್ಲಿ ಬತ್ತದೆ?"

"ನಾಳೆ ಬತ್ತದೆ."

"ಬರಲಿ ಬುಡು. ನಾನೇನು ಹತ್ತಬೇಕಾ?" ಅಂದೆ. "ಮದುವೆ ಕೊರಡು ನಿನ್ನ ಈ ಕಾಲಲ್ಲಿ ನೀನು ಮಾಡೀಯಾ? ಗರಗಸದ ಆ ತುದಿ ಯಾರು ಹಿಡಿಯೋದು?"

ಅವಳು ಮುಖದ ಮಣ್ಣನ್ನು ಸೆರಗಿಂದ ಒರೆಸಿಕೊಂಡಳು, ಒರೆಸಿಕೊಳ್ಳಲು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

ಅವಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ವಾಪಸು ಹೊರಟೆವು. ಗಿರಣಿ ಗೋಡೆ ತಲುಪುವಾಗ ಮುಚ್ಚು ಎದ್ದಿತು. ಯಾವ ಸೂಚನೆಯೂ ಇಲ್ಲದೆ, ತಟ್ಟನೆ. ಕಣ್ಣು ಕುಕ್ಕುವಂಥ ಇಳಿಹೊತ್ತಿನ ಬಿಸಿಲು. ಎಲ್ಲರೂ ಕಣ್ಣಿಗೆ ಕೈ ಅಡ್ಡ ಹಿಡಿದು ನಿಂತೆವು. ಆಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡೆವು. ಮುನಿಸ್ವಾಮಿ ಪಟ್ಟೆಪಟ್ಟೆ ಚಡ್ಡಿಯಲ್ಲಿದ್ದ. ಅವನ ಗಿರಾಕಿಯ ಅರ್ಧ ಮುಖಕ್ಕೆ ನೊರೆ ಒಣಗಿ ಅಂಟಿಕೊಂಡಿತ್ತು. ಟೀಚರ ಸೀರೆ ತುಂಬ ಮೇಣ. ಮೊದಲು ನಕ್ಕವರು ಪೀರ್ ಸಾಬರು, ಆಮೇಲೆ ಯಾರು ನಗಲಿಲ್ಲ ಅಂತ ಕೇಳಬೇಕು. ಊರ ಕಡೆಯಿಂದ ಶಾಲೆಯ ಮಕ್ಕಳ ಕೇಕೆ ಕೇಳಿಸಿತು, ನಾಯಿಗಳು ಬೊಗಳಿದವು, ಹೆಂಗಸರು ಹೊರಗೆ ಬಂದು ಆಕಾಶ ನೋಡಿ ಕೈ ಮುಗಿದರು. ಸಾಲಿನ ಬತ್ತಿಗಳು ಬಿಸಿಲಲ್ಲಿ ಉರಿಯುತ್ತಲೇ ಇದ್ದವು, ಉರಿ ಕಾಣುತ್ತಿರಲಿಲ್ಲ. ಹೋಗುತ್ತಾ ಹೋಗುತ್ತಾ ಒಬ್ಬೊಬ್ಬರು ಬಗ್ಗಿ ಒಂದೊಂದನ್ನು ಊದಿ ಆರಿಸಿ, ಹತ್ತಿರ ಇದ್ದ ಕೊರಡನ್ನು ಎತ್ತಿಕೊಂಡು ಮನೆಗೆ ನಡೆದರು. ಯಾರದು ಯಾರಿಗೆ ಹೋಯಿತೋ ನೋಡಿದವರಿಲ್ಲ.

ಮಾರನೆ ಬೆಳಿಗ್ಗೆ ಅಣ್ಣ ಮೊದಲ ಬಸ್ಸಿಗೆ ಹೊರಟ. "ಮನೇಲಿ ಏನು ಹೇಳಲಿ?" ಅಂದ. ಅವನಿಗೆ ಬೇಜಾರಾಗಿತ್ತು, ಆದರೂ ಮುಖದಲ್ಲಿ ಕೋಪ ಇರಲಿಲ್ಲ. "ಸುಗ್ಗಿಗೆ ಬಂದು ಅತ್ತಿಗೆ ಜೊತೆ ಒಂದು ತಿಂಗಳು ಇದ್ದು ಹೋಗ್ತೀನಿ ಅಂತ ಹೇಳು" ಅಂದೆ. ದೇವೀರಕ್ಕ ಕೂತಲ್ಲಿಂದಲೇ, "ಇಬ್ಬರೂ ಬತ್ತೀವಿ ಅಂತ ಹೇಳಪ್ಪ, ನನಗೂ ನಿಮ್ಮೂರು ನೋಡಬೇಕು" ಅಂದಳು. ನಾನು ತಿರುಗಿ ಅವಳ ಮುಖ ನೋಡಿದೆ. ಅವಳು ತನ್ನ ಕಾಲಿಗೆ ಕಟ್ಟಿದ ಸೊಪ್ಪಿನ ಪಟ್ಟಿ ನೋಡಿಕೊಳ್ಳುತ್ತಿದ್ದಳು.

ಅವತ್ತು ಊರಿಗೆ ಊರೇ ಕೆಲಸ ಬಿಟ್ಟು ಮುಚ್ಚನ್ನು ಕಾಯಿತು. ಯಾರೂ ದೂರ ಹೋಗಲಿಲ್ಲ. ಬಾವಿಗೆ ಹೋದವರೂ ಕೊರಡು ಹಿಡಿದು ಹೋದರು. ಊಟದ ಹೊತ್ತು ದಾಟಿದ ಮೇಲೆ ಬಂತು. ನಾನು ಬಾಗಿಲ ಬಳಿ ಕೊರಡಿಟ್ಟು ಹಚ್ಚಿ, ಅಕ್ಕನ ಪಕ್ಕ ಚಾಪೆ ಮೇಲೆ ಕೂತೆ. ಇಬ್ಬರೂ ಬತ್ತಿಯನ್ನೇ ನೋಡುತ್ತಿದ್ದೆವು.

"ನೆನ್ನೆ ಅಲ್ಲಿ ಕೂತಿದ್ದಾಗ ನಮ್ಮ ಯಜಮಾನರು ನೆನಪಾದರು ಕಣೇ" ಅಂದಳು ಅವಳು. ಅವನು ಹೋದ ಮೇಲೆ, ಜಗಳದಲ್ಲಿ ಬಿಟ್ಟರೆ, ಅವನ ಮಾತು ಅವಳಾಗಿ ತೆಗೆದದ್ದು ಇದೇ. "ಒಂದು ಸಲ ಮುಚ್ಚಿನಲ್ಲಿ ಮಜ್ಜಿಗೆ ಅಂದ್ಕೊಂಡು ಸುಣ್ಣದ ನೀರು ಕುಡಿದಿದ್ದರು, ಗೊತ್ತಾ?"

"ಯಾವಾಗ? ನನಗೆ ಹೇಳಲೇ ಇಲ್ಲ."

"ನೀನು ಬರೋ ಮುಂಚೆ. ಮೂರು ದಿನ ಬಾಯಿ ಬೆಂದು, ಮಾತೇ ಇಲ್ಲ. ಮನೇಲಿ ಏನು ನೆಮ್ಮದಿ ಅಂತೀಯಾ!"

ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು, ಕಾಲು ನೋವಿಗೆ ಅಯ್ಯೋ ಅನ್ನುತ್ತಾ ನಕ್ಕಳು. ಆಮೇಲೆ ನಾನು ನನಗೆ ಗೊತ್ತಿದ್ದ ಒಂದನ್ನು ಹೇಳಿದೆ, ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಅವಳು ಇನ್ನೊಂದು ಹೇಳಿದಳು. ಹಾಗೆ ಹೇಳುತ್ತಾ ಕೇಳುತ್ತಾ ಇರುವಾಗ ಹೊರಗೆ ಬೀದಿಯಲ್ಲಿ ಎಲ್ಲರೂ ಒಟ್ಟಿಗೆ ಹೋ ಅಂತ ಕೂಗಿದರು. ಬಾಗಿಲಲ್ಲಿ ಬಿಸಿಲು ನಿಂತಿತ್ತು. ಅನ್ನ ಬೇಯುವಷ್ಟೇ ಹೊತ್ತು, ಒಂದಿಷ್ಟೂ ಹೆಚ್ಚಿಲ್ಲ. ಮುನಿಸ್ವಾಮಿ ಅಂಗಡಿಯಿಂದ ಸಿಳ್ಳೆ ಕೇಳಿಸಿತು, ಪೀರ್ ಸಾಬರ ಹೊಲಿಗೆ ಮಿಷನ್ನು ಗಡಗಡ ಅಂತ ಶುರುವಾಯಿತು.

ನಾವಿಬ್ಬರು ಮಾತ್ರ ಏಳಲಿಲ್ಲ. ಅವಳು ಹೇಳುತ್ತಿದ್ದ ಕತೆ ಇನ್ನೂ ಮುಗಿದಿರಲಿಲ್ಲ.